ಕಳಸದ ಸೀಮೆಯ ಮಣ್ಣು ಮತ್ತು ಕುಂಬಾರ ಗುಂಡಯ್ಯನವರ ಕಾಯಕ

ಕಲ್ಯಾಣದ ಶರಣ ಪರಂಪರೆಯಲ್ಲಿ ಮಣ್ಣಿನ ಕಾಯಕವನ್ನು ಕೈಕೊಂಡವರೆಂದರೆ ಕುಂಬಾರ ಗುಂಡಯ್ಯನವರು ಹಾಗೂ ಅವರ ಧರ್ಮಪತ್ನಿ ಕೇತಲದೇವಿಯವರು. ಇಂದಿನ ಬೀದರ ಜಿಲ್ಲೆಯ ಭಾಲ್ಕಿ ಇವರ ನೆಲೆ. ಕೇತಲದೇವಿಯವರು ಕುಂಭೇಶ್ವರನ ಅಂಕಿತದಲ್ಲಿ ವಚನ ನುಡಿದವರು. ಉಳಿದು ಬಂದಿರುವುದು ಅತ್ಯಲ್ಪವಾದರೂ ಅದರಲ್ಲಿ ಮಣ್ಣಿನ ಹದದ ಮಾತು ವ್ರತದ ಮಾತಿಗೆ ತಾನಾಗಿ ಒದಗಿ ಬರುತ್ತದೆ. ಗುಂಡಯ್ಯನವರ ಚರಿತೆಯನ್ನು ಜಗತ್ತಿಗೆ ತಿಳಿಸಿದವನು ಹರಿಹರ ಮಹಾಕವಿ. ಕುಂಬಾರ ಗುಂಡಯ್ಯನ ರಗಳೆಯಲ್ಲಿ ಮಡಕೆಯನ್ನು ತಟ್ಟುವ ನಾದಕ್ಕೆ ಶಿವನೇ ಮೆಚ್ಚಿ ಇಳಿದು ಬಂದು ಕುಣಿಯುವನು, ಅದನ್ನು ಕಂಡು ಗುಂಡಯ್ಯನೂ ಕುಣಿಯುವನು ಎಂಬ ಪ್ರಸಂಗವು ಭಕ್ತರೆಲ್ಲರಿಗೂ ಪರಿಚಿತವಾದುದೇ ಆಗಿದೆ.

ಭಾಲ್ಕಿಯ ಈ ಶರಣನಿಗೂ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಬೆಟ್ಟಗಳಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಸಂಬಂಧವು ಹರಿಹರನ ಮೂಲಕ ಬರುತ್ತದೆ. ಹರಿಹರನು ಹಂಪೆಗೆ ಬರುವ ಮೊದಲು ದೋರಸಮುದ್ರದ ಹೊಯ್ಸಳ ಅರಮನೆಯಲ್ಲಿ ಕರಣಿಕನಾಗಿದ್ದನೆಂದು ಪರಂಪರೆ ಹೇಳುತ್ತದೆ. ಲೆಕ್ಕದ ಕಡತವನ್ನು ಆಸ್ಥಾನದಲ್ಲಿಯೇ ಉಜ್ಜಿ, ಹಂಪೆಯ ವಿರೂಪಾಕ್ಷನ ಗುಡಿಯಲ್ಲಿ ಹತ್ತಿದ ಉರಿಯನ್ನು ಆರಿಸಿದನೆಂಬ ಕಥೆಯೂ ಇದೇ ಕರಣಿಕತನದ್ದು. ಆ ಹೊಯ್ಸಳ ರಾಜ್ಯವು ಮೊಳೆತದ್ದು ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಸಣ್ಣ ಊರಿನಲ್ಲಿ. ಅರಸರ ಲೆಕ್ಕ ಬರೆದ ಕೈಯೇ ಮುಂದೆ ಅರಸರನ್ನು ಬಿಟ್ಟು ಕುಂಬಾರನನ್ನು ಹಾಡಿತು. ಈ ಬೆಟ್ಟದ ನಾಡಿನ ಚರಿತ್ರೆಯನ್ನು ಓದುವಾಗ ಈ ಒಂದು ಸಂಗತಿಯನ್ನು ಮರೆಯಲಾಗದು. ಏಕೆಂದರೆ ಇಲ್ಲಿ ಅರಸರ ಗುರುತುಗಳು ಹೇರಳವಾಗಿವೆ. ಕುಂಬಾರರ ಗುರುತುಗಳು ಇದ್ದರೂ ಅವನ್ನು ಗುರುತೆಂದು ಎಣಿಸಿದವರು ಕಡಿಮೆ.

ಶಾಸನಗಳಲ್ಲಿ ಸೊಸೆವೂರು, ಶಶಕಪುರ ಎಂದು ಬರುವ ಊರೇ ಇಂದಿನ ಅಂಗಡಿ. ಸುದತ್ತ ಮುನಿಯ ಮಾತಿನಂತೆ ಸಳನು ಹುಲಿಯನ್ನು ಹೊಡೆದನೆಂಬ ಕಥೆ ಈ ಊರಿನದು; ಅಂದಿನ ವಾಸಂತಿಕಾ ದೇವಿಯನ್ನು ಇಂದಿಗೂ ಜನರು ವಸಂತಮ್ಮ ಎಂದು ಪೂಜಿಸುತ್ತಾರೆ. ಊರಿನ ಬಸದಿಗಳು, ಕೇಶವ, ಪಾತಾಳರುದ್ರೇಶ್ವರ, ಮಲ್ಲಿಕಾರ್ಜುನ ಗುಡಿಗಳು ಕಾಡು ಮತ್ತು ಕಾಫಿ ತೋಟಗಳ ನಡುವೆ ಬಹುಕಾಲ ಪಾಳಾಗಿದ್ದವು. ಅಂದಿನ ಕಡೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 6ನೆಯ ಸಂಪುಟವಾಗಿ 1901ರಲ್ಲಿ ಹೊರತಂದ ಮೇಲೆ ಈ ಊರಿನ ಹಿರಿಮೆ ವಿದ್ವಾಂಸರಿಗೆ ಮನದಟ್ಟಾಯಿತು. ವಿನಯಾದಿತ್ಯನ ಆಳ್ವಿಕೆ 1047ರಿಂದ 1098ರವರೆಗೆ. ಅವನ ತರುವಾಯ ರಾಜಧಾನಿ ಬೇಲೂರಿಗೂ ದೋರಸಮುದ್ರಕ್ಕೂ ಇಳಿದು ಹೋಯಿತು, ಅಂಗಡಿ ಮರೆಯಾಯಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದವು. ಮೂಲ ನೆಲೆಯಾದ ಅಂಗಡಿಗೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ. ದೊಡ್ಡ ಗುಡಿಗೆ ಸಿಕ್ಕುವ ಗೌರವ ಸಣ್ಣ ಗುಡಿಗೆ ಸಿಕ್ಕದಿರುವುದು ಲೋಕದ ರೂಢಿ. ಹಾಗಿರುವಾಗ ಮಡಕೆಯ ಮಾತು ದೂರವೇ ಉಳಿಯಿತು.

ಹೊಯ್ಸಳರ ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನಲ್ಲಿ ಕೊರೆದಿಟ್ಟವರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಅಮೃತೇಶ್ವರ ದಂಡನಾಯಕನು 1196ರಲ್ಲಿ ಕಟ್ಟಿಸಿದ ಗುಡಿಯಲ್ಲಿ ಮಲ್ಲಿತಮ್ಮನ ಹೆಸರಿದೆ. ಬೇರೆ ನಾಡುಗಳಲ್ಲಿ ಇಷ್ಟು ಶಿಲ್ಪಿಗಳ ಹೆಸರು ಸಿಕ್ಕುವುದು ಅಪರೂಪವೆಂದು ವಿದ್ವಾಂಸರು ಕೊಂಡಾಡುತ್ತಾರೆ. ಆದರೆ ಆ ಗುಡಿ ಏಳುವಾಗ ಕೆಲಸಗಾರರಿಗೆ ನೀರು ಹೊತ್ತ ಕೊಡ, ಗಂಜಿ ಬೇಯಿಸಿದ ಮಡಕೆ, ಗರ್ಭಗುಡಿಯಲ್ಲಿ ಉರಿದ ಹಣತೆ ಇವೆಲ್ಲ ಯಾವ ಕುಂಬಾರನ ಕೈಯವೆಂದು ಯಾವ ಶಾಸನವೂ ಹೇಳುವುದಿಲ್ಲ. ಇದರಲ್ಲಿ ಇನ್ನೊಂದು ಸ್ವಾರಸ್ಯವೂ ಇದೆ. ಹೊಯ್ಸಳ ಗುಡಿಗಳ ಕಂಬಗಳನ್ನು ನೋಡಿದವರಿಗೆ ಅವುಗಳ ನುಣುಪಾದ ಸುತ್ತುಬಳೆಗಳು, ಗಂಟೆಯಾಕಾರ, ಕುಂಭದ ಉಬ್ಬು ಕಣ್ಣಿಗೆ ಕಟ್ಟುತ್ತವೆ. ಮೆದುವಾದ ಬಳಪದ ಕಲ್ಲನ್ನು ತಿರುಗಿಸಿ ಕಡೆದು ಮಾಡಿದ ಕಂಬಗಳಿವು. ತಿರುಗುವ ವಸ್ತುವಿಗೆ ಕೈಯನ್ನು ನಿಲ್ಲಿಸಿ ಆಕಾರ ತರುವ ಈ ಉಪಾಯ ಕಲ್ಲಿಗೆ ಬರುವುದಕ್ಕೆ ಸಾವಿರಾರು ವರ್ಷ ಮೊದಲೇ ತಿಗರಿಯ ಮೇಲೆ ಮಣ್ಣಿಗೆ ಬಂದಿತ್ತು. ಗೋಪುರದ ತುದಿಯಲ್ಲಿ ಕಲ್ಲಿನದಾಗಿ, ಚಿನ್ನದ್ದಾಗಿ ಹೊಳೆಯುವ ಕಳಸವೂ ಆಕಾರದಲ್ಲಿ ಕುಂಬಾರನ ಮಡಕೆಯೇ.

ಕಳಸವೆಂಬ ಹೆಸರನ್ನೇ ಹೊತ್ತ ಊರು ಈ ಸೀಮೆಯಲ್ಲಿರುವುದು ಇನ್ನೊಂದು ವಿಶೇಷ. ಹಿಂದೆ ಮೂಡಿಗೆರೆ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಕಳಸವನ್ನು ಭದ್ರಾ ನದಿ ಬಳಸಿ ಹರಿಯುತ್ತದೆ. ಊರ ದೇವರು ಕಳಸೇಶ್ವರ. ಗಿರಿಜಾ ಕಲ್ಯಾಣಕ್ಕೆ ಸಕಲರೂ ಉತ್ತರಕ್ಕೆ ನೆರೆದಾಗ ಭೂಮಿ ಒಂದು ಕಡೆಗೆ ವಾಲಿತೆಂದೂ, ಅದನ್ನು ಸಮ ಮಾಡಲು ಅಗಸ್ತ್ಯರನ್ನು ದಕ್ಷಿಣಕ್ಕೆ ಕಳುಹಿದರೆಂದೂ, ಅವರು ಇಲ್ಲಿಂದಲೇ ಕಲ್ಯಾಣವನ್ನು ಕಂಡರೆಂದೂ ಸ್ಥಳಪುರಾಣ. ಅಗಸ್ತ್ಯರು ಕುಂಭಸಂಭವರು. ಇಲ್ಲಿನ ಪಂಚತೀರ್ಥಗಳಲ್ಲಿ ಒಂದು ವಸಿಷ್ಠ ತೀರ್ಥ. ವಸಿಷ್ಠರೂ ಕುಂಭದಲ್ಲಿ ಹುಟ್ಟಿದವರೆಂಬ ಮಾತು ಋಗ್ವೇದದಲ್ಲಿಯೇ ಇದೆ. ಮಡಕೆಯಲ್ಲಿ ಹುಟ್ಟಿದ ಇಬ್ಬರು ಋಷಿಗಳ ನೆನಪನ್ನು ಒಂದೇ ಊರು ಹೊತ್ತಿದೆ. ಆ ಮಡಕೆಯನ್ನು ಮಾಡಿದವನು ಯಾರೆಂದು ಮಾತ್ರ ಪುರಾಣ ಕೇಳಲಿಲ್ಲ.

ಚರಿತ್ರೆಯ ದೃಷ್ಟಿಯಿಂದ ಕಳಸವು ಹೊಂಬುಜದ ಸಾಂತರರ ಕವಲೊಂದರ ರಾಜಧಾನಿ. ಜೈನರಾಗಿದ್ದ ಈ ಅರಸರು ಕಳಸನಾಥನಿಗೂ ನಡೆದುಕೊಂಡವರು. 13ನೆಯ ಶತಮಾನದಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ಇಬ್ಬರು ರಾಣಿಯರು ಇಲ್ಲಿಂದ ರಾಜ್ಯವಾಳಿದರು. ಮುಂದೆ ಕಳಸ ಮತ್ತು ಕಾರ್ಕಳ ಒಂದೇ ಮನೆತನದ ಎರಡು ಕಾಲುಗಳಾದವು. 1432ರಲ್ಲಿ ಕಾರ್ಕಳದ ಬಾಹುಬಲಿಯನ್ನು ನಿಲ್ಲಿಸಿದ ವೀರಪಾಂಡ್ಯ ಇದೇ ವಂಶದವನು. ಬೆಟ್ಟದ ಮೇಲಿನ ಅಕ್ಕಿ, ಮೆಣಸು, ಏಲಕ್ಕಿ ಕೆಳಗಿಳಿದು, ಕರಾವಳಿಯ ಉಪ್ಪು ಮೇಲೇರುತ್ತಿದ್ದ ದಾರಿಗಳು ಈ ಸೀಮೆಯವು.

ಇನ್ನು ಶರಣರ ನಿಲುವಿನ ಮಾತು. ಮಡಕೆಯ ವಿಷಯದಲ್ಲಿ ಶರಣರ ದೃಷ್ಟಿಗೆ ಎರಡು ಮುಖಗಳಿವೆ. ಒಂದನ್ನು ಮಾತ್ರ ಹಿಡಿದವರು ತಪ್ಪು ತಿಳಿಯುವುದುಂಟು. ಕಂಡಕಂಡ ವಸ್ತುಗಳನ್ನೆಲ್ಲ ದೈವವೆಂದು ಭಾವಿಸುವ ಲೋಕವನ್ನು ಬಸವಣ್ಣನವರು ಹಂಗಿಸುವ ವಚನವೊಂದುಂಟು. ಆ ಪಟ್ಟಿಯಲ್ಲಿ ಮೊದಲು ಬರುವುದೇ ಮಡಕೆ. ಆದಕಾರಣ ಶರಣರಿಗೆ ಮಡಕೆ ಪೂಜ್ಯವಲ್ಲ. ಆದರೆ ಮಡಕೆಯನ್ನು ಮಾಡಿದವನು ಪೂಜ್ಯ. ಲೋಕದ ರೂಢಿ ಇದಕ್ಕೆ ತೀರ ವಿಪರೀತವಾಗಿತ್ತು. ಮದುವೆಯ ಮನೆಗೆ ಕುಂಬಾರನ ಮನೆಯಿಂದ ಬಣ್ಣ ಬಳಿದ ಮಡಕೆಗಳನ್ನು ಓಲಗದೊಡನೆ ತರುವ ಪದ್ಧತಿ ಕನ್ನಡ ನಾಡಿನ ಎಲ್ಲೆಡೆ ಇದೆ. ಹಳೆಯ ಮೈಸೂರಿನ ಕಡೆ ಅದಕ್ಕೆ ಅರಿವೇಣಿಯೆಂದೂ ಉತ್ತರದ ಕಡೆ ಐರಾಣಿಯೆಂದೂ ಹೆಸರು. ಆ ಮಡಕೆಗೆ ಅರಿಸಿನ ಕುಂಕುಮ ಸಲ್ಲುತ್ತದೆ, ಆರತಿ ಸಲ್ಲುತ್ತದೆ. ಮಾಡಿಕೊಟ್ಟ ಕುಂಬಾರನಿಗೆ ಅಕ್ಕಿ, ವೀಳ್ಯ ಸಂದರೂ ಪಂಕ್ತಿಯಲ್ಲಿ ಎಲ್ಲರ ಸಮನಾದ ಸ್ಥಾನ ಸಲ್ಲುತ್ತಿರಲಿಲ್ಲ. ಗುಂಡಯ್ಯನವರನ್ನು ಅಯ್ಯನೆಂದು ಕರೆದು ಶರಣರ ಪಂಕ್ತಿಯಲ್ಲಿ ಕೂರಿಸಿದ್ದರ ಬೆಲೆಯನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕಾಗಿದೆ.

ಮಡಕೆ ಮತ್ತು ಮೈಲಿಗೆಯ ಸಂಬಂಧ ಇನ್ನೂ ಆಳವಾದುದು. ಸ್ಮೃತಿಗಳ ಪ್ರಕಾರ ಲೋಹದ ಪಾತ್ರೆ ಮೈಲಿಗೆಯಾದರೆ ಬೂದಿ, ಹುಳಿ, ನೀರುಗಳಿಂದ ಶುದ್ಧಿಯಾಗುತ್ತದೆ. ಮಣ್ಣಿನ ಪಾತ್ರೆಗೆ ಹಾಗಿಲ್ಲ. ಅದನ್ನು ಮತ್ತೆ ಸುಡಬೇಕು, ಮೈಲಿಗೆ ಘನವಾದುದಾದರೆ ಎಸೆಯಲೇಬೇಕು. ಮಣ್ಣು ತನ್ನ ರಂಧ್ರಗಳಲ್ಲಿ ಎಲ್ಲವನ್ನೂ ಹೀರಿಕೊಳ್ಳುವುದರಿಂದ ಈ ನಿಯಮಕ್ಕೆ ಸ್ವಲ್ಪ ಲೌಕಿಕ ಕಾರಣವೂ ಇರಬಹುದು. ಆದರೆ ಅದು ಜನನ, ಮರಣ, ಎಂಜಲುಗಳ ಸೂತಕಕ್ಕೂ ಹಬ್ಬಿತು. ಗ್ರಹಣ ಕಳೆದ ಮೇಲೆ, ಸೂತಕ ಕಳೆದ ಮೇಲೆ ಒಲೆಯ ಮೇಲಿನ ಮಡಕೆಯನ್ನು ಹೊರಗೆಸೆದು ಹೊಸದು ತರುವುದು ಮನೆಮನೆಯ ರೂಢಿಯಾಯಿತು. ಇದರಿಂದ ಕುಂಬಾರನಿಗೆ ಹೊಟ್ಟೆಪಾಡು ನಡೆಯಿತೆಂಬುದೂ ನಿಜವೇ. ಶರಣರು ಪಂಚಸೂತಕಗಳನ್ನು ಅಲ್ಲಗಳೆದಾಗ ಈ ಲೆಕ್ಕವೆಲ್ಲ ತಲೆಕೆಳಗಾಯಿತು. ಕೊಳ್ಳುವವರ ಭಯದಿಂದ ಬದುಕುತ್ತಿದ್ದ ಕಸುಬು ಅಲ್ಲಿ ಕಾಯಕವಾಯಿತು. ಹೊಲಗೇರಿಗೂ ಶಿವಾಲಯಕ್ಕೂ ಇರುವ ನೆಲ ಒಂದೇ ಎಂದು ಸಾರಿದ ಬಸವಣ್ಣನವರ ಮಾತನ್ನು ಗುಂಡಯ್ಯನವರು ದಿನವೂ ಕಾಲಿನಿಂದ ತುಳಿದು ಹದಗೊಳಿಸುತ್ತಿದ್ದ ಮಣ್ಣಿನಲ್ಲಿ ಕಾಣುತ್ತಿದ್ದರೆಂದರೆ ಅತಿಶಯೋಕ್ತಿಯಲ್ಲ.

ಕುಂಬಾರ ಭಕ್ತರು ಕನ್ನಡ ನಾಡಿಗೆ ಮಾತ್ರ ಸೀಮಿತರಲ್ಲ. ತಮಿಳಿನ ಅರುವತ್ತುಮೂವರಲ್ಲಿ ಒಬ್ಬರಾದ ತಿರುನೀಲಕಂಠರು ಚಿದಂಬರದ ಕುಂಬಾರರು, ಶಿವಭಕ್ತರಿಗೆ ಮಣ್ಣಿನ ಪಾತ್ರೆಗಳನ್ನು ಮಾಡಿಕೊಡುವುದು ಅವರ ನೇಮ. ಮಹಾರಾಷ್ಟ್ರದ ವಾರಕರಿ ಪಂಥದಲ್ಲಿ ಗೋರಾ ಕುಂಭಾರರಿದ್ದಾರೆ. ಸಂತರೆಲ್ಲ ಸೇರಿದ್ದ ಸಭೆಯಲ್ಲಿ ಗೋರಾ ತಮ್ಮ ಹಲಗೆಯಿಂದ ಒಬ್ಬೊಬ್ಬರ ತಲೆಯನ್ನೂ ತಟ್ಟಿ, ಯಾವ ಮಡಕೆ ಬೆಂದಿದೆ, ಯಾವುದು ಹಸಿಯಾಗಿದೆ ಎಂದು ಹೇಳಿದರಂತೆ. ನಾಮದೇವರ ಸರದಿ ಬಂದಾಗ ಈ ಮಡಕೆ ಇನ್ನೂ ಹಸಿ ಎಂದರಂತೆ. ಗುಂಡಯ್ಯನವರ ಕಥೆಯಲ್ಲಿಯೂ ತಟ್ಟುವುದು, ಗೋರಾ ಅವರ ಕಥೆಯಲ್ಲಿಯೂ ತಟ್ಟುವುದು. ಇದು ಆಕಸ್ಮಿಕವಲ್ಲ. ಇದರ ಮರ್ಮವು ಕಸುಬಿನೊಳಗೇ ಇದೆ.

ಮಡಕೆಯೆಂದರೆ ತಿಗರಿಯ ಮೇಲೆ ಪೂರ್ತಿಯಾಗಿ ಹುಟ್ಟುವ ವಸ್ತುವೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ತಿಗರಿಯ ಮೇಲೆ ಏಳುವುದು ಬಾಯಿ, ಕಂಠ ಮತ್ತು ದಪ್ಪ ಗೋಡೆಯ ಒಡಲು ಮಾತ್ರ. ದುಂಡಾದ ತಳ ತಿಗರಿಯ ಮೇಲೆ ಬರಲಾರದು. ಕೆಳಗಿಳಿಸಿದ ಮೇಲೆ ಅದು ಸ್ವಲ್ಪ ಆರಬೇಕು. ಬೆರಳು ಒತ್ತಿದರೆ ಗುರುತು ಮೂಡಬೇಕು, ಅಂಟಬಾರದು. ಆಗ ಕುಂಬಾರನು ಒಳಗೆ ಎಡಗೈಯಲ್ಲಿ ದುಂಡು ಕಲ್ಲನ್ನು ಒತ್ತಿ ಹಿಡಿದು, ಹೊರಗೆ ಬಲಗೈಯ ಮರದ ಹಲಗೆಯಿಂದ ತಟ್ಟುತ್ತ ಮಡಕೆಯನ್ನು ತಿರುಗಿಸುತ್ತಾನೆ. ತಟ್ಟಿದಂತೆ ಗೋಡೆ ತೆಳುವಾಗುತ್ತದೆ, ಒಡಲು ಹಿಗ್ಗುತ್ತದೆ, ತಳ ದುಂಡಗೆ ಕೂಡಿಕೊಳ್ಳುತ್ತದೆ. ಒಳಗಿನ ಕಲ್ಲು ಕಣ್ಣಿಗೆ ಕಾಣದು. ಎಲ್ಲಿ ದಪ್ಪ, ಎಲ್ಲಿ ತೆಳು ಎಂಬುದನ್ನು ಕೈ ಮತ್ತು ಕಿವಿಗಳೇ ಹೇಳಬೇಕು. ಆರಂಭದಲ್ಲಿ ಮಂದವಾಗಿರುವ ಸದ್ದು ಗೋಡೆ ತೆಳುವಾದಂತೆ ಬದಲಾಗುತ್ತ ಹೋಗುತ್ತದೆ. ಒಂದೇ ಸಮನೆ ತಾಳ ಹಿಡಿಯದಿದ್ದರೆ ಮಡಕೆ ಒಂದು ಕಡೆಗೆ ಸೊಟ್ಟಗಾಗುತ್ತದೆ. ಆದ್ದರಿಂದ ಹರಿಹರನು ಶಿವನನ್ನು ಕುಣಿಸಿದ್ದು ಬರಿಯ ಕವಿಕಲ್ಪನೆಯ ನಾದಕ್ಕಲ್ಲ. ಕುಂಬಾರನ ಮನೆಯ ಮುಂದೆ ನಿಂತು ಕೇಳಿದವನೇ ಆ ಪ್ರಸಂಗವನ್ನು ಆರಿಸಿಕೊಳ್ಳಬಲ್ಲ.

ಕಾಫಿ ಬೆಟ್ಟಗಳಲ್ಲಿ ಈ ಕಾಯಕ ಬಯಲುಸೀಮೆಗಿಂತ ಕಷ್ಟವಾದುದು. ಇಳಿಜಾರಿನ ಕೆಮ್ಮಣ್ಣು ಮಡಕೆಗೆ ಒಗ್ಗುವುದಿಲ್ಲ. ಜಿಗುಟಾದ ಜೇಡಿಮಣ್ಣು ಸಿಕ್ಕುವುದು ಕಣಿವೆಯ ಗದ್ದೆಯ ತಳದಲ್ಲಿ, ಕೆರೆಯ ಅಂಗಳದಲ್ಲಿ. ಜೂನ್ ತಿಂಗಳಲ್ಲಿ ಹಿಡಿದ ಮಳೆ ತಿಂಗಳುಗಟ್ಟಲೆ ಬಿಡದಿರುವ ಈ ನಾಡಿನಲ್ಲಿ ಆಗ ಹಸಿ ಮಡಕೆ ಆರದು, ಆವಿಗೆ ಹೊತ್ತದು. ವರ್ಷದ ದುಡಿಮೆಯೆಲ್ಲ ಬೇಸಗೆಯ ಕೆಲವು ತಿಂಗಳುಗಳಲ್ಲಿ ಮುಗಿಯಬೇಕು. ಹುಲ್ಲು, ಸೌದೆ, ಬೆರಣಿಗಳ ನಡುವೆ ಮಡಕೆಗಳನ್ನು ಜೋಡಿಸಿ ಮೇಲೆ ಮಣ್ಣು ಮೆತ್ತಿ ಸುಡುತ್ತಾರೆ. ಗಾಳಿ ಚೆನ್ನಾಗಿ ಆಡಿದರೆ ಮಡಕೆ ಕೆಂಪು, ಹೊಗೆಯನ್ನು ಒಳಗೇ ಕಟ್ಟಿಹಾಕಿದರೆ ಕಪ್ಪು. ಅಕಾಲದ ಒಂದು ಮಳೆ ಒಂದು ಆವಿಗೆಯನ್ನೇ ಕೆಡಿಸಬಲ್ಲದು.

ಮಡಕೆಯ ಜೊತೆಗೆ ನಾಡಹೆಂಚೂ ಕುಂಬಾರನದೇ. ತಿಗರಿಯ ಮೇಲೆ ತಳವಿಲ್ಲದ ಉದ್ದ ಕೊಳವೆಯನ್ನು ಎತ್ತಿ, ಹಸಿಯಿರುವಾಗಲೇ ಉದ್ದಕ್ಕೆ ಎರಡು ಸೀಳು ಮಾಡಿದರೆ ಎರಡು ಹೆಂಚುಗಳಾಗುತ್ತವೆ. ಸೋಗೆ, ಹುಲ್ಲು ಹೊದಿಸಿದ ಮನೆಗಳ ನಡುವೆ ಹೆಂಚಿನ ಮನೆಯೆಂದರೆ ಅನುಕೂಲಸ್ಥರ ಮನೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಯಂತ್ರದಲ್ಲಿ ಒತ್ತಿದ ಚಪ್ಪಟೆ ಹೆಂಚು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುತ್ತದೆ, ತೂಕ ಕಡಿಮೆ, ಮಲೆನಾಡಿನ ಮಳೆಗೆ ಸೋರದು. ಅದೇ ಕಾಲಕ್ಕೆ ಇತ್ತ ಕಾಫಿ ತೋಟಗಳು ಬೆಳೆಯುತ್ತಿದ್ದವು. ಬಾಬಾ ಬುಡನ್ ಅವರು 17ನೆಯ ಶತಮಾನದಲ್ಲಿ ಏಳು ಬೀಜ ತಂದರೆಂಬುದು ಪ್ರತೀತಿ. ಆದರೆ ಬೆಟ್ಟಗಳು ತೋಟಗಳಾದದ್ದು 19ನೆಯ ಶತಮಾನದಲ್ಲಿ ಕ್ಯಾನನ್, ಎಲಿಯಟ್ ಮೊದಲಾದ ಬಿಳಿಯ ತೋಟಗಾರರೂ ನಾಡಿನ ಗೌಡರೂ ಕೈಹಾಕಿದ ಮೇಲೆ. ತೋಟದ ಬಂಗಲೆ, ಗೋದಾಮು, ಕೂಲಿ ಲೈನುಗಳಿಗೆಲ್ಲ ಮಂಗಳೂರು ಹೆಂಚು ಬಂದಿತು. ನಾಡಹೆಂಚಿನ ಕೆಲಸ ಕುಂಬಾರನ ಕೈಯಿಂದ ಜಾರಿತು. ಆಮೇಲೆ ಬಂದ ಅಲ್ಯೂಮಿನಿಯಂ, ಸ್ಟೀಲು, ಪ್ಲಾಸ್ಟಿಕ್ಕುಗಳ ಕಥೆಯನ್ನು ವಿಸ್ತರಿಸುವ ಅಗತ್ಯವಿಲ್ಲ.

ಬಯಲುಸೀಮೆಯಲ್ಲಿ ಕುಂಬಾರನಿಗೆ ಊರಿನ ಕಣದಲ್ಲಿ ಪಾಲಿತ್ತು. ಮೈಸೂರಿನ ಹಳ್ಳಿಗಳ ಹನ್ನೆರಡು ಆಯಗಾರರ ಪಟ್ಟಿಯನ್ನು ಮಾರ್ಕ್ ವಿಲ್ಕ್ಸ್ 1810ರ ತಮ್ಮ ಚರಿತ್ರೆಯಲ್ಲಿ ಕೊಟ್ಟಿದ್ದಾರೆ. ಗೌಡ, ಶಾನುಭೋಗ, ತಳವಾರ, ನೀರಗಂಟಿಯರ ಸಾಲಿನಲ್ಲಿ ಕುಂಬಾರನೂ ಇದ್ದಾನೆ. ಮಲೆನಾಡಿನಲ್ಲಿ ಊರೆಂದರೆ ಗುಡ್ಡಕ್ಕೊಂದು ಮನೆ. ಕಣವೆಲ್ಲ ಒಂದೆಡೆ ಸೇರದ ಕಡೆ ಆಯದ ಕಟ್ಟೂ ಸಡಿಲವೇ. ಕುಂಬಾರನು ತಲೆಹೊರೆಯಲ್ಲಿ ಮನೆಯಿಂದ ಮನೆಗೆ, ಸಂತೆಗೆ, ಜಾತ್ರೆಗೆ ನಡೆಯಬೇಕಾಗಿತ್ತು. ಈಗ ಅವನಿಗೆ ಉಳಿದಿರುವ ದೊಡ್ಡ ತೊಡಕು ಗಿರಾಕಿಯದಲ್ಲ, ಮಣ್ಣಿನದು. ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ, ಶುಂಠಿಗೆ ಹೋಗುತ್ತಿವೆ. ಗದ್ದೆಯ ಅಡಿಯ ಜೇಡಿಮಣ್ಣು ಹಿಂದೆ ಒಡೆಯನ ಒಂದು ಮಾತಿನಿಂದ ಸಿಗುತ್ತಿತ್ತು. 2018ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಕುಂಬಾರರಿಗೆ ವಿದ್ಯುತ್ ತಿಗರಿ ಕೊಡುವ ಯೋಜನೆ ತಂದಿತು, 2023ರ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಸೇರಿತು. ಇವು ಸ್ವಾಗತಾರ್ಹವೇ. ಆದರೆ ತಿಗರಿ ಕೊಟ್ಟವರು ಮಣ್ಣು ಕೊಡಲಾರರು. ಮಣ್ಣು ಇರುವುದು ಗದ್ದೆಯ ಒಡೆಯರಲ್ಲಿ; ಆ ಒಡೆಯರಲ್ಲಿ ಬಸವಣ್ಣನವರನ್ನು ನೆನೆಯುವವರೂ ಅನೇಕರಿದ್ದಾರೆ.

ಕಡೆಯದಾಗಿ ಒಡೆದ ಮಡಕೆಯ ಮಾತು. ಬೋಕಿಯೆಂದು, ಓಡೆಂದು ಜನರು ಕಾಲಿನಿಂದ ತಳ್ಳುವ ಚೂರು ಚರಿತ್ರಕಾರನಿಗೆ ಶಾಸನದಷ್ಟೇ ಬೆಲೆಯುಳ್ಳದ್ದು. ಕಲ್ಲು ಮರುಬಳಕೆಯಾಗುತ್ತದೆ, ಲೋಹ ಕರಗುತ್ತದೆ, ಮರ ಕೊಳೆಯುತ್ತದೆ. ಸುಟ್ಟ ಮಣ್ಣು ಬಿದ್ದಲ್ಲೇ ಉಳಿಯುತ್ತದೆ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆದಾಗ, ಕಲ್ಲುಕೊಡಲಿಯ ಜನ, ಬೃಹತ್ ಶಿಲಾ ಸಮಾಧಿಯ ಜನ, ಅವರ ಮೇಲಣ ಕಾಲದ ಜನ ಎಂಬ ಪದರಗಳನ್ನು ಬಿಡಿಸಿದ್ದು ಬಹುಮಟ್ಟಿಗೆ ಮಡಕೆ ಚೂರುಗಳಿಂದಲೇ. ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಪಾತ್ರೆಗಳು ಶಿಲಾ ಸಮಾಧಿಗಳ ಗುರುತಾದವು. ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ 1945ರಲ್ಲಿ ರೋಮನ್ ವಸ್ತುಗಳ ಜೊತೆ ಸಿಕ್ಕಿದ್ದ, ತಳದಲ್ಲಿ ಚುಕ್ಕಿಗಳ ಸುತ್ತುಗೆರೆಯುಳ್ಳ ತಟ್ಟೆಯ ಚೂರುಗಳಂಥವೇ ಬ್ರಹ್ಮಗಿರಿಯಲ್ಲಿಯೂ ಸಿಕ್ಕಿ, ಕನ್ನಡ ನಾಡಿನ ಪ್ರಾಚೀನ ಕಾಲಗಣನೆಗೆ ಆಧಾರವಾದವು. ಅಶೋಕನ ಶಾಸನವಿದ್ದ ಊರಿಗೂ ಕಾಲದ ಅಳತೆಗೋಲಾಗಿ ಒದಗಿದ್ದು ಒಡೆದ ತಟ್ಟೆ.

1878ರಲ್ಲಿ ಬ್ರಿಟಿಷ್ ಸರಕಾರ ತಂದ ನಿಧಿ ಕಾಯ್ದೆಯು ನೆಲದೊಳಗೆ ಸಿಕ್ಕ ವಸ್ತು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದಾದರೆ ಕಲೆಕ್ಟರಿಗೆ ತಿಳಿಸಬೇಕೆಂದು ವಿಧಿಸಿತ್ತು. ಮಡಕೆ ಚೂರು ಯಾವ ಕಾಲದಲ್ಲಿಯೂ ಹತ್ತು ರೂಪಾಯಿ ಬಾಳಲಿಲ್ಲ. ಕಾಫಿ ಗಿಡಕ್ಕೆ ಗುಂಡಿ ತೆಗೆಯುವಾಗ, ಕೃಷಿ ಹೊಂಡ ತೋಡುವಾಗ, ರಸ್ತೆಗೆ ಗುಡ್ಡ ಕಡಿಯುವಾಗ ಈ ಬೆಟ್ಟಗಳಲ್ಲಿ ಚೂರುಗಳು ಎದ್ದು ಬಂದರೆ ಮಣ್ಣಿನೊಡನೆ ಬದುವಿಗೆ ಹೋಗುವುದೇ ಹೆಚ್ಚು. ಅಂಗಡಿಯ ಸುತ್ತಮುತ್ತ, ಕಳಸದ ಹಳೆಯ ದಾರಿಗಳ ಬದಿಯಲ್ಲಿ ತೋಟವುಳ್ಳವರು ಅಂಥದ್ದು ಕಂಡಾಗ ಅಗೆತವನ್ನು ಒಂದು ದಿನ ನಿಲ್ಲಿಸಿ, ಸಿಕ್ಕ ಜಾಗ, ಆಳ, ಜೊತೆಗಿದ್ದ ಇತರ ವಸ್ತುಗಳನ್ನು ಬರೆದಿಟ್ಟುಕೊಂಡು, ಬಾಯಿಯಂಚಿನ ಚೂರುಗಳನ್ನೂ ಗೆರೆ, ಚಿತ್ತಾರ ಇರುವ ಚೂರುಗಳನ್ನೂ ತೆಗೆದಿರಿಸಿ, ರಾಜ್ಯದ ಪುರಾತತ್ವ ಇಲಾಖೆಗಾಗಲಿ ಸಮೀಪದ ಕಾಲೇಜಿನ ಇತಿಹಾಸ ವಿಭಾಗಕ್ಕಾಗಲಿ ತಿಳಿಸಬಹುದು. ಬಾಯಿಯಂಚೊಂದು ಸಿಕ್ಕರೆ ಬಲ್ಲವರು ಅದರ ಬಾಗನ್ನು ಅಳೆದು ಇಡೀ ಮಡಕೆಯ ಅಗಲವನ್ನು ಹೇಳುತ್ತಾರೆ. ಒಳಮೈಯಲ್ಲಿ ಗುಂಡುಕಲ್ಲು ಒತ್ತಿದ ಕುಳಿಗಳಿದ್ದರೆ ಅದು ತಟ್ಟಿ ಮಾಡಿದ ಮಡಕೆಯೆಂದು ತಿಳಿಯುತ್ತದೆ.